ಮುಳ್ಳು ನೂರನಲವತ್ತಕ್ಕೆ ನಿಂತ ದಿನ

ಡ್ರೀನಾ ನದಿಯ ಈಚೆ ದಂಡೆಯಲ್ಲಿ ಜಗಳವಿಲ್ಲದೆ ಹಂದಿ ಕಡಿದದ್ದನ್ನು ಯಾರೂ ಕಂಡಿಲ್ಲ. ಆದರೆ ಆ ದಿನ ವುಕೊಮಾನನ ಅಂಗಳದಲ್ಲಿ ನಡೆದದ್ದು ಜಗಳವಲ್ಲ, ಯುದ್ಧ. ಹಂದಿಯೇ ಎದ್ದು ಬಂದು ಬಿಡಿಸಲು ನೋಡಿತಂತೆ. ಅಷ್ಟರಲ್ಲಿ ಅರ್ಧ ಕಡಿದಾಗಿತ್ತು, ಹಾಗಾಗಿ ಆಗಲಿಲ್ಲವಂತೆ.

ಎಲ್ಲಕ್ಕೂ ಕಾರಣ ಒಂದು ಮುಳ್ಳು. ವುಕೊಮಾನನ ಹಳದಿ ಕಾರು ಅವನಪ್ಪ ವಿದಾಕ್ ಬಿಟ್ಟುಹೋದದ್ದು. ಹಿಂದಿನ ಸಂಜೆ ಅದನ್ನು ಅವನ ಕೂಮ ಒಬ್ರೆನ್ ಮೇಣದ ಬತ್ತಿ ತರಲು ಒಯ್ದಿದ್ದ. ಕೂಮ ಎಂದರೆ ನಿನ್ನ ಮದುವೆಗೆ ಸಾಕ್ಷಿ ನಿಂತವನು, ನಿನ್ನ ಮಗುವಿಗೆ ಹೆಸರಿಡುವವನು. ಚರ್ಚಿನಲ್ಲಿ ಅವನು ಯಾವ ಹೆಸರು ಹೇಳಿದರೂ ಹೆತ್ತಪ್ಪ ತುಟಿ ಬಿಚ್ಚುವಂತಿಲ್ಲ. ಆ ಮಧ್ಯಾಹ್ನವೇ ವುಕೊಮಾನನ ಮಗನಿಗೆ ದೀಕ್ಷಾಸ್ನಾನ. ಸತ್ತ ಅಪ್ಪನ ಹೆಸರು ಮಗನಿಗೆ ಬರಬೇಕು, ಅವನಿಗಿದ್ದದ್ದು ಅದೊಂದೇ ಆಸೆ. ಒಬ್ರೆನ್ ಮಾತೂ ಕೊಟ್ಟಿದ್ದ.

ಬೆಳಿಗ್ಗೆ ಇಬ್ಬರೂ ಸೇರಿ ಹಂದಿ ಕಡಿಯುತ್ತಿದ್ದಾಗ ವುಕೊಮಾನ್ ಏನೋ ತರಲು ಕಾರಿನ ಬಾಗಿಲು ತೆಗೆದ. ಕಾರು ನಿಂತಿದೆ, ಎಂಜಿನ್ ತಣ್ಣಗಿದೆ, ಸ್ಪೀಡೋಮೀಟರಿನ ಮುಳ್ಳು ಮಾತ್ರ ನೂರನಲವತ್ತರ ಮೇಲೆ ಅಂಟಿಕೊಂಡಿದೆ!

"ಏ ಕೂಮಾ! ನಮ್ಮಪ್ಪನ ಕಾರನ್ನ ಏನಂದ್ಕೊಂಡೆ, ವಿಮಾನಾನಾ? ಓಡ್ಸಿ ಓಡ್ಸಿ ಮೀಟರ್ ಸಾಯ್ಸಿದ್ದೀಯಲ್ಲೋ!"

"ಈ ಡಬ್ಬಾನಾ ಓಡ್ಸೋದು? ಏರು ದಾರೀಲಿ ಒಬ್ಳು ಅಜ್ಜಿ ನನ್ನ ದಾಟ್ಕೊಂಡು ಹೋದ್ಳು ಕಣೋ, ಬೆನ್ನ ಮೇಲೆ ಸೌದೆ ಹೊರೆ ಬೇರೆ! ಆ ಮುಳ್ಳು ತಾನೇ..."

ಮಾತು ಮುಗಿಯಲಿಲ್ಲ. ವುಕೊಮಾನನ ಗುದ್ದಿಗೆ ಒಬ್ರೆನ್‌ನ ಎರಡು ಹಲ್ಲು ಹಾರಿ ಪಕ್ಕದ ಮನೆಯ ಗಾಜು ಒಡೆದವು. ಒಬ್ರೆನ್ ಕೈಗೆ ಸಿಕ್ಕಿದ ಹಂದಿಯ ಹಿಂಗಾಲನ್ನೇ ಬೀಸಿದ. ವುಕೊಮಾನ್ ಕೋಳಿಗೂಡಿನ ಮೇಲಿಂದ ಹಾರಿ ಆಚೆ ಬಿದ್ದ. ಆ ಕೋಳಿಗಳು ಈಸ್ಟರ್‌ವರೆಗೆ ಮೊಟ್ಟೆಯಿಡಲಿಲ್ಲ. ಎದ್ದು ಬಂದವನೇ ಕೂಮನ ಕಿವಿ ಕಚ್ಚಿದ. ಕೂಮ ಅವನ ತಲೆಯಿಂದಲೇ ಕುಟ್ಟಿ ಬೇಲಿಯ ಗೂಟವನ್ನು ಇನ್ನಷ್ಟು ಆಳಕ್ಕೆ ನೆಟ್ಟ.

ವುಕೊಮಾನನ ಹೆಂಡತಿ ಲೆಪೊಸಾವಾ ಇಬ್ಬರ ಮೇಲೂ ಬಕೆಟ್ ನೀರು ಸುರಿದಳು. "ಚರ್ಚಿನ ಗಂಟೆ ಹೊಡೆಯೋ ಮುಂಚೆ ಯಾವನಾದ್ರೂ ಸತ್ರೆ, ಅವನನ್ನ ನಾನು ಇನ್ನೊಂದ್ಸಲ ಸಾಯಿಸ್ತೀನಿ!"

ಒಬ್ರೆನ್ ರಕ್ತ ಉಗಿದ. "ಇವತ್ತು ನಿನ್ ಮಗನಿಗೆ ಎಂಥಾ ಹೆಸ್ರು ಬೀಳುತ್ತೆ, ನೋಡ್ತಿರು."

ಅಪ್ಪನ ಹೆಸರು ಕೈತಪ್ಪುತ್ತದೆ ಎಂದು ವುಕೊಮಾನನಿಗೆ ಹೊಳೆಯಿತು. ಆದರೂ ಸೋಲಲು ಮನಸ್ಸಿಲ್ಲ. "ತಪ್ಪು ನಿಂದೇ ಅಂತ ತೋರಿಸ್ತೀನಿ, ಬಾ!" ಎಂದು ಸ್ಕ್ರೂಡ್ರೈವರ್ ಹಿಡಿದು ಕಾರಿನೊಳಗೆ ತೂರಿದ. ಗೇರ್‌ಬಾಕ್ಸಿನಿಂದ ಮೀಟರಿಗೆ ಬರುವ ಕೇಬಲ್ ಸಿಕ್ಕಿಕೊಂಡು ಮುಳ್ಳನ್ನು ಎಳೆದು ಹಿಡಿದಿರಬೇಕು ಎಂಬುದು ಅವನ ಲೆಕ್ಕ. ಕೇಬಲ್ ಬಿಚ್ಚಿದ. ಮುಳ್ಳು ಅಲ್ಲಾಡಲಿಲ್ಲ.

"ವೇಗಕ್ಕೆ ತಂತಿ ಹರಿದಿರುತ್ತೆ," ಎಂದು ಒಳಗಿನ ತಂತಿಯನ್ನು ಎಳೆದ. ತಂತಿ ಇಡಿಯಾಗಿ ಬಂತು, ಒಂದು ಎಳೆಯೂ ಹರಿದಿರಲಿಲ್ಲ. ಉದ್ದಕ್ಕೂ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

ಹಾಗಾದರೆ ರೋಗ ಮೀಟರಿನಲ್ಲೇ. ಅದನ್ನು ಕಿತ್ತು, ಹಂದಿ ಕೊಬ್ಬು ಕುದಿಯುತ್ತಿದ್ದ ಕೊಪ್ಪರಿಗೆಯ ಬೆಂಕಿಯ ಹತ್ತಿರ ಬೆಳಕಿಗೆ ಹಿಡಿದ. ಬಿಸಿ ತಾಗಿದ್ದೇ ತಡ, ಮುಳ್ಳು ಮೆಲ್ಲಗೆ ಇಳಿಯತೊಡಗಿತು. ನೂರು, ಅರವತ್ತು, ಸೊನ್ನೆ. ಮೀಟರಿನ ಬೆನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಬೆಂಕಿಗೆ ಬಿದ್ದು ಘಮ್ಮೆಂದಿತು. ನಾಯಿ ಓಡಿ ಬಂತು.

"ಇದಕ್ಕೆ ಹಂದಿ ಕೊಬ್ಬು ತುಂಬಿದ್ದು ಯಾವ ಕತ್ತೆ?" ಎಂದ ವುಕೊಮಾನ್.

"ನೀನೇ ಮಾರಾಯ!" ಎಂದಳು ಲೆಪೊಸಾವಾ. "ಕೇಬಲ್ಲು ಕೀಚ್ ಕೀಚ್ ಅನ್ನುತ್ತೆ ಅಂತ ಹೋದ ಚಳೀಲಿ ನನ್ ಡಬ್ಬಿ ಪೂರ್ತಿ ಬಳಿದ್ಯಲ್ಲ!"

ಬೂಟಿಗೆ, ಬಾಗಿಲ ಕೀಲಿಗೆ, ನೆಗಡಿಯಾದ ಮಗುವಿನ ಎದೆಗೆ, ಆ ಊರಿನವರು ಎಲ್ಲಕ್ಕೂ ಸವರುವುದು ಅದನ್ನೇ. ತಂತಿ ತಿರುಗಿದಂತೆ ಕೊಬ್ಬು ಮೇಲೇರಿ ಮೀಟರಿನೊಳಗೆ ಸೇರಿತ್ತು. ಕಾರು ಓಡುವಾಗ ಮುಳ್ಳನ್ನು ತನ್ನ ಜೊತೆ ಎಳೆದೊಯ್ದು, ರಾತ್ರಿ ಹಿಮ ಬಿದ್ದಾಗ ಅಲ್ಲೇ ಹೆಪ್ಪುಗಟ್ಟಿತ್ತು.

"ಮುಳ್ಳು ತಾನೇ ಮೇಲೇರ್ತಿದೆ ಅನ್ನೋಕೆ ಬಂದೆ," ಎಂದ ಒಬ್ರೆನ್. "ನೀನು ಬಾಯಿಗೇ ಹೊಡ್ದೆ."

"ಹೊಡಿ ಕೂಮಾ, ನೀನೂ ಹೊಡಿ," ಎಂದು ವುಕೊಮಾನ್ ಮುಖ ಒಡ್ಡಿದ. ಒಬ್ರೆನ್ ಕೋಟು ತೊಟ್ಟು ಚರ್ಚಿನ ಕಡೆ ನಡೆದ.

ಚರ್ಚಿನಲ್ಲಿ ಪಾದ್ರಿ ಮಗುವಿನ ಹೆಸರು ಕೇಳಿದ. ಮಗುವನ್ನೆತ್ತಿಕೊಂಡ ಒಬ್ರೆನ್ ಊದಿದ ಕಣ್ಣಿನಿಂದ ವುಕೊಮಾನನನ್ನೇ ನೋಡಿದ.

"ವಿದಾಕ್," ಎಂದ ಒಬ್ರೆನ್.

ಹೊರಗೆ ಬಂದ ಮೇಲೆ ಮಗುವನ್ನು ಜೋಪಾನವಾಗಿ ತಾಯಿಯ ಕೈಗಿಟ್ಟ, ಕಂಬಳಿ ಸರಿಮಾಡಿದ. ಆಮೇಲೆ ತಿರುಗಿ, ನಡು ಮುರಿಯುವಷ್ಟು ಬಲ ಹಾಕಿ ವುಕೊಮಾನನ ದವಡೆಗೆ ಬಾರಿಸಿದ. ಗೋಪುರದ ಗಂಟೆ ತಾನಾಗಿಯೇ ಮೊಳಗಿತು. ವುಕೊಮಾನ್ ಮೆಟ್ಟಿಲೆಲ್ಲ ಉರುಳಿ ಹಿಮದಲ್ಲಿ ಅಂಗಾತ ಬಿದ್ದ.

"ಕೇಳ್ತಾ ಅಪ್ಪಾ?" ಎಂದು ರಕ್ತದ ಬಾಯಲ್ಲೇ ಆಕಾಶಕ್ಕೆ ಕೂಗಿದ. "ನಿನ್ ಹೆಸ್ರು ಉಳೀತು!"

ಒಬ್ರೆನ್ ಇನ್ನೊಂದು ಏಟಿಗೆ ಕೋಟಿನ ತೋಳು ಮಡಿಸುತ್ತ ಮೆಟ್ಟಿಲು ಇಳಿಯುತ್ತಿದ್ದ.