ದೊರೆ ತೋಟದ ಮದರಂಗಿ

ಬಂಟ್ವಾಳದ ಹೊಳೆ ಬದಿಯ ದೊರೆ ತೋಟವನ್ನು ಮಾಡಿಸಿದ್ದು ಯಾವನೋ ಬಿಳಿಯ ಕಲೆಕ್ಟರ್. ಅವನ ಹೆಸರು ಯಾರಿಗೂ ನೆನಪಿಲ್ಲ, ನೆನಪಿಟ್ಟು ಆಗಬೇಕಾದ್ದೂ ಏನಿಲ್ಲ. ಊರಿಗೆ ಬೇಕಾಗಿದ್ದದ್ದು ತೋಟದ ಸುತ್ತಲಿನ ಮದರಂಗಿ ಬೇಲಿ. ಮದುವೆ ಮನೆಯವರು ಸೊಪ್ಪನ್ನು ತಾವೇ ಕೊಯ್ಯುವಂತಿರಲಿಲ್ಲ. ನಮ್ಮ ಮದುಮಗಳಿಗೆ ಬ್ಯಾರಿ ಮುಸಲ್ಮಾನರ ಮನೆಯವರು, ಅವರ ಮದುಮಗಳಿಗೆ ನಾವು ಕೊಯ್ದು ಕೊಡಬೇಕು. ನನ್ನ ಮಗಳು ಶ್ರಾವ್ಯಾಳಿಗೆ ರುಖಿಯಮ್ಮ ತಂದುಕೊಟ್ಟಿದ್ದರು. ಅವರ ಮೊಮ್ಮಗಳು ಜುವೈರಿಯಾಳಿಗೆ ನಾನು ತರುತ್ತೇನೆಂದು ಮಾತು ಕೊಟ್ಟಿದ್ದೆ.

೧೯೯೯ರಲ್ಲಿ, ಅವಳ ಮದುವೆಗೆ ವಾರವಿರುವಾಗ ಊರಲ್ಲಿ ಕೋಮು ಗಲಾಟೆಯಾಯಿತು. ಅಂಗಡಿಗಳು ಸುಟ್ಟವು, ಹೆಣ ಬಿದ್ದವು. ನಾನು ಹಟಮಾರಿ. ಕರ್ಫ್ಯೂ ಸಡಿಲವಾದದ್ದೇ ಚೀಲ ಹಿಡಿದು ಹೊರಟೆ.

ತೋಟದ ಗೇಟಿನಲ್ಲಿ ನಮ್ಮ ಹುಡುಗರ ಗುಂಪು. ಮುಂದೆ ನಿಂತವನು ಶಿವಕೃಷ್ಣ, ನಾನೇ ಅಕ್ಷರ ಕಲಿಸಿದ ಮಹಾನುಭಾವ.

“ಸೊಪ್ಪು ಯಾರಿಗೆ ಟೀಚರ್?”

“ರುಖಿಯಮ್ಮನ ಮೊಮ್ಮಗಳಿಗೆ. ನಿನ್ನ ಅಪ್ಪಣೆ ಬೇಕಾ ಮಾರಾಯ?”

ಅವನು ದಾರಿ ಬಿಟ್ಟ. ಗೆದ್ದೆ ಎಂದುಕೊಂಡು ಚೀಲ ತುಂಬಿಸಿದೆ. ರುಖಿಯಮ್ಮನ ಮಗ ಅಸ್ಕರ್ ಬಾಗಿಲಲ್ಲೇ ಚೀಲ ತೆಗೆದುಕೊಂಡ, ಒಳಗೆ ಬನ್ನಿ ಎನ್ನಲಿಲ್ಲ. ಮರುದಿನ ನೋಡಿದರೆ ಹುಡುಗರು ಬೇಲಿಯನ್ನು ಬುಡಸಮೇತ ಕಿತ್ತು ಬೆಂಕಿ ಕೊಟ್ಟಿದ್ದರು. ಕೊನೆಯ ಸೊಪ್ಪು ಜುವೈರಿಯಾಳ ಕೈಗಾದರೂ ಸೇರಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮದುವೆ ವಿಟ್ಲದಲ್ಲಿ. ಮದುಮಗಳ ಕೈ ನೋಡಿದೆ. ಎಳೆ ಎಳೆಯಾಗಿ ಬಿಡಿಸಿದ ಬಳ್ಳಿ, ಅಂಗಡಿಯ ಮೆಹಂದಿ ಕೋನಿನದು. ರುಖಿಯಮ್ಮನನ್ನು ಮೂಲೆಗೆ ಕರೆದೆ.

“ನಾನು ತಂದ ಸೊಪ್ಪು ಎಲ್ಲುಂಟು?”

“ಅಸ್ಕರ್ ಬಾವಿಯ ಹಿಂದೆ ಹೂತು ಹಾಕಿದ. ಗೇಟಿನಲ್ಲಿ ಆ ಹುಡುಗರು ಇದ್ದರಲ್ಲ, ವಿಷ ಬೆರೆಸಿರಬಹುದು ಅಂತ ಹೇಳಿದ.”

“ನೀವೇನು ಹೇಳಿದಿರಿ?”

ಅವರು ತಲೆಯ ಬಟ್ಟೆ ಸರಿಮಾಡಿಕೊಂಡರು. “ಸುಳ್ಳು ಹೇಳುದಿಲ್ಲ ಮನೋರಮಾ. ನನಗೂ ಒಂದು ಗಳಿಗೆ ಹೌದೇನೋ ಅಂತ ಕಂಡಿತು.”

ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. “ಬಾಯಿ ಸಿಹಿ ಮಾಡಿ ಹೋಗು” ಎಂದು ಅವರೇ ಪಾಯಸ ತಂದುಕೊಟ್ಟರು. ಎಷ್ಟೋ ವರ್ಷದಿಂದ ಅವರ ಕೈಯ ಪಾಯಸ ಕುಡಿದವಳು ನಾನು. ಅವತ್ತು ಲೋಟ ಹಿಡಿದುಕೊಂಡು, ಇದರಲ್ಲಿ ಏನಿದೆಯೋ ಎಂದು ಬಗ್ಗಿ ನೋಡಿದೆ.

ನಾನು ಹಾಗೆ ನೋಡಿದ್ದನ್ನು ರುಖಿಯಮ್ಮ ಕಂಡರು.