ಗೆರೆಯ ಈಚೆ

ವೆರೋನಾ ಚರ್ಚಿನ ಮೆಟ್ಟಿಲ ಮೇಲೆ ಕೂತು ಕಬ್ಬಿನ ಒಣಗರಿಯ ರವದಿಯನ್ನು ಕಂತೆ ಕಟ್ಟಿ ಹಗ್ಗ ಬಿಗಿಯುತ್ತಿದ್ದಳು. ಗಂಡ ಎಲ್ರಿಜ್‌ನ ಕೊನೆಯ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಅವನ ಬೂದಿಯ ಡಬ್ಬಿ ಅವಳ ಪಕ್ಕದಲ್ಲೇ ಇತ್ತು. ಹೂವಿನ ಚಕ್ರ ಬೇಡವೆಂದಿದ್ದಳು. ಬಾರ್ಬಡೋಸಿನ ಮೀನುಗಾರ ಕಡಲಿಗೆ ಹಾಕುವುದು ರವದಿಯನ್ನೇ. ಅದು ತೇಲುತ್ತಿದ್ದರೆ ಮೊಟ್ಟೆಯಿಡಲು ಹಾರುಮೀನು ಹುಡುಕಿಕೊಂಡು ಬರುತ್ತದೆ.

ಮೀನುಗಾರಿಕೆ ಇಲಾಖೆಯ ಕ್ಲೆಮೆಂಟ್ ಹ್ಯಾಟು ತೆಗೆದು ಮುಂದೆ ನಿಂತ. "ಅಮ್ಮ, ಟೊಬೇಗೊ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಕಡಲಗಡಿಯ ಗೆರೆ ದಾಟೋ ಹಾಗಿಲ್ಲ."

"ನಾವೇನು ಮೀನು ಹಿಡಿಯೋಕೆ ಹೋಗ್ತಿದೀವಾ? ಒಂದು ಡಬ್ಬಿ ಬೂದಿ ಕಣಪ್ಪ."

"ಬೂದಿಗೆ ಅಂತ ಅರ್ಜಿನೇ ಇಲ್ಲಮ್ಮ. ಅದಕ್ಕೇ ತಡ."

"ಹಂಗಾದ್ರೆ ಮೀನು ಅಂತಲೇ ಬರ್ಕೋ."

ಗಂಡನ ಜೊತೆ ಮೂವತ್ತು ವರ್ಷ ದೋಣಿ ನಡೆಸಿದ ಡಾರ್ನ್ಲಿ ನಗಲು ಹೋಗಿ ಕೆಮ್ಮಿದ. ಗೆರೆಯಾಚೆ, ಟೊಬೇಗೊ ದ್ವೀಪದ ಪಕ್ಕದ ನೀರಿಗೆ ನನ್ನನ್ನು ಬಿಡಿ ಎಂದು ಎಲ್ರಿಜ್ ಸಾಯುವ ಮುಂಚೆ ಕೇಳಿದ್ದ. ಅವನು ಬೇರೇನನ್ನೂ ಕೇಳಿರಲಿಲ್ಲ.

*

ನೀರಿನ ಮೇಲೆ ಗೆರೆ ನಿಲ್ಲುವುದಿಲ್ಲ ಎಂದ ಹಿರಿಯರು ವಕೀಲರನ್ನು ಕಂಡವರಲ್ಲ. ಎರಡು ದೇಶಗಳ ಗಡಿಯ ತಗಾದೆ ನಡೆದಾಗ ಬಾರ್ಬಡೋಸಿನ ಪರ ವಕೀಲರೊಬ್ಬರು ಸಾಕ್ಷಿ ಹುಡುಕಿಕೊಂಡು ಎಲ್ರಿಜ್‌ನ ಅಡುಗೆಮನೆಗೇ ಬಂದಿದ್ದರು. ವೆರೋನಾ ಮೆಕ್ಕೆಜೋಳದ ಮುದ್ದೆ, ಹಾರುಮೀನಿನ ಸಾರು ಬಡಿಸಿದ್ದಳು.

"ನಿಮ್ಮ ತಂದೆ, ಅಜ್ಜ, ಎಲ್ಲರೂ ಟೊಬೇಗೊವರೆಗೂ ಹೋಗ್ತಿದ್ರು, ಅಲ್ವಾ?"

"ಇಲ್ಲ ಸ್ವಾಮಿ. ಅಪ್ಪನ ಹಾಯಿದೋಣಿಲಿ ಮಂಜುಗಡ್ಡೆ ಎಲ್ಲಿತ್ತು? ಮನೆಗೆ ಬರೋಷ್ಟರಲ್ಲಿ ಮೀನು ನಾರ್ತಿತ್ತು. ನಾವು ಹೋಗಿದ್ದೇ ಮಂಜಿನ ಪೆಟ್ಟಿಗೆ ಬಂದ್ಮೇಲೆ."

ಹಳೆಯ ವಾಡಿಕೆಯ ಸಾಕ್ಷಿ ಸಿಗದೆ ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಗೆರೆ ಬಿತ್ತು, ಹಾರುಮೀನಿನ ನೀರು ಆಚೆಯವರ ಪಾಲಾಯಿತು. ಮೀನುಪೇಟೆಯಲ್ಲಿ ಎಲ್ಲರೂ ಎಲ್ರಿಜ್‌ನನ್ನೇ ದೂರಿದರು.

"ಅಪ್ಪ ಹೋಗ್ತಿದ್ರು ಅಂತ ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ವೆರೋನಾ ಕೂಡ ಹಂಗಿಸಿದ್ದಳು. ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ.

*

ಒಪ್ಪಿಗೆ ಬಾರದಿದ್ದರೂ ಮರುದಿನ ಬೆಳಿಗ್ಗೆ ಹೊರಟ ದೋಣಿ ಗೆರೆ ಮುಟ್ಟುವಾಗ ಬಿಸಿಲು ಇಳಿದಿತ್ತು. ದಾರಿ ತೋರಿಸುವ ಯಂತ್ರ ಗೆರೆ ಬಂತೆಂದು ಕೀ ಎಂದಿತು. ಡಾರ್ನ್ಲಿ ಇಂಜಿನ್ ನಿಲ್ಲಿಸಿದ. ಮುಂದಿನ ನೀರೂ ಹಿಂದಿನ ನೀರೂ ಒಂದೇ ನೀಲಿ.

"ನಡಿ, ಯಾಕೆ ನಿಲ್ಲಿಸ್ದೆ? ಇಂಜಿನ್ ಕೆಟ್ಟು ಆಚೆ ತೇಲಿಹೋದ್ವಿ ಅಂತ ರೇಡಿಯೋದಲ್ಲಿ ಹೇಳು."

"ಕೆಟ್ಟಿಲ್ವಲ್ಲ ಅತ್ತಿಗೆ."

"ಗೊತ್ತು ಕಣೋ. ಹೇಳು."

ಡಾರ್ನ್ಲಿ ಮೈಕು ಹಿಡಿದು ಮತ್ತೆ ಕೆಳಗಿಟ್ಟ. "ಅಣ್ಣನ್ನ ಪಕ್ಕದಲ್ಲಿ ಇಟ್ಕೊಂಡು ನಂಗೆ ಸುಳ್ಳು ಹೇಳೋಕೆ ಬರಲ್ಲ."

"ಸತ್ತ ಮೇಲೂ ಅದೇ ಗೋಳು," ಎಂದಳು ವೆರೋನಾ. ಗೆರೆಯಾಚೆಗಾದರೂ ಹೋಗಲಿ ಎಂದು ಬೂದಿಯನ್ನು ರವದಿಯೊಳಗೆ ಸುರಿದು, ಕಂತೆಯನ್ನು ಕೈಲಾದಷ್ಟು ದೂರ ಎಸೆದಳು. ಅದು ಆಚೆ ಬಿದ್ದಿತು. ಆದರೆ ಟೊಬೇಗೊ ಕಡೆಯಿಂದ ಬರುವ ಸೆಳೆತ ಅದನ್ನು ನಿಧಾನವಾಗಿ ತಿರುಗಿಸಿ ಗೆರೆಯ ಈಚೆ, ದೋಣಿಯ ಪಕ್ಕಕ್ಕೇ ತಂದು ಬಿಟ್ಟಿತು. ಅವಳು ಅಳುವುದಕ್ಕೂ ಆಗದೆ ದೋಣಿಯ ಅಂಚು ಹಿಡಿದು ನಿಂತಳು.

ಆಗ ಕಂತೆಯ ಕೆಳಗೆ ನೀರು ಕಲಕಿತು. ಗೆರೆಯಾಚೆಯಿಂದ ಕಂತೆಯ ಹಿಂದೆಯೇ ಬಂದ ಹಾರುಮೀನು ರವದಿಗೆ ಮೈಯುಜ್ಜಿ ಮೊಟ್ಟೆಯಿಡುತ್ತಿದ್ದವು. ಡಾರ್ನ್ಲಿಯ ಕೈ ಅಭ್ಯಾಸದಿಂದ ಕೈಬಲೆಗೆ ಹೋಗಿ, ನಾಚಿ ಹಿಂದೆ ಬಂತು.

ವೆರೋನಾ ಬಲೆಯನ್ನು ತಾನೇ ಎತ್ತಿಕೊಂಡು ಕಂತೆಯ ಸುತ್ತ ಒಂದು ಸಲ ಬಾಚಿದಳು. ಬೂದಿ ಅಂಟಿದ ಮೀನು ಅವಳ ಸೂತಕದ ಕಪ್ಪು ಲಂಗದ ಮೇಲೆ ಪಟಪಟ ರೆಕ್ಕೆ ಬಡಿದವು.