ಅದೇ ನೀರು

ನನ್ನ ತಂಗಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ, ಯಾವ ದಿನ ಬಟ್ಟೆ ಒಗೆಯುತ್ತಾಳೆ, ಯಾವ ವಾರ ಹೊಟ್ಟೆ ಕೆಡಿಸಿಕೊಂಡಿದ್ದಳು, ಎಲ್ಲವೂ ನನಗೆ ಗೊತ್ತಿತ್ತು. ಅವಳೊಂದಿಗೆ ಮಾತು ಬಿಟ್ಟು ಮಾತ್ರ ಮೂರು ವರ್ಷವಾಗಿತ್ತು. ಇಷ್ಟೆಲ್ಲ ಸುದ್ದಿಯನ್ನು ನನಗೆ ತಂದು ಮುಟ್ಟಿಸುತ್ತಿದ್ದದ್ದು ಪಂಪು.

ಮನೆ ಒಂದೇ. ಮೇಲಿನದು ನನ್ನದು, ನೆಲಮಟ್ಟಕ್ಕಿಂತ ಕೆಳಗಿರುವ ಎರಡು ಕೋಣೆ ಅವಳದು. ನನ್ನ ಬಾಗಿಲು ಮುಂದಿನ ರಸ್ತೆಗೆ, ಅವಳದು ಹಿಂದಿನ ಓಣಿಗೆ. ನೀರು ತಗ್ಗಿಗೆ ಹರಿಯುತ್ತದೆ ಎನ್ನುವುದು ಊರಿಗೆಲ್ಲ ಇರುವ ನ್ಯಾಯ. ಅವಳ ಮನೆಗೆ ಮಾತ್ರ ಅದಿಲ್ಲ. ರಸ್ತೆಯ ಒಳಚರಂಡಿಯೇ ಅವಳ ಬಚ್ಚಲಿಗಿಂತ ಎತ್ತರದಲ್ಲಿದೆ. ಹಾಗಾಗಿ ಬಚ್ಚಲಿನದು, ಕಕ್ಕಸಿನದು, ಪಾತ್ರೆ ತೊಳೆದದ್ದು, ಎಲ್ಲ ನೀರೂ ಹಿಂದಿನ ಮೆಟ್ಟಿಲ ಅಡಿಯ ಒಂದು ಗುಂಡಿಗೆ ಬೀಳುತ್ತದೆ. ಗುಂಡಿ ತುಂಬಿದಾಗ ಒಳಗೆ ತೇಲುವ ಚೆಂಡೊಂದು ಮೇಲೆದ್ದು ಪಂಪನ್ನು ಎಬ್ಬಿಸುತ್ತದೆ. ಪಂಪು ಆ ಕೊಳೆಯನ್ನು ಪೈಪಿನಲ್ಲಿ ಮೇಲಕ್ಕೆ ನೂಕಿ ರಸ್ತೆಯ ಚರಂಡಿಗೆ ಸೇರಿಸುತ್ತದೆ. ಆ ಪೈಪು ಹತ್ತಿ ಬರುವುದು ನನ್ನ ಅಡುಗೆಮನೆಯ ಗೋಡೆಯೊಳಗೆ.

ಅದೇ ಗೋಡೆಯ ಪಕ್ಕ ಕೂತು ನಾನು ಅಂಗಿಗಳಿಗೆ ಕಾಜ ಹಾಕುತ್ತೇನೆ. ಅಂಗಡಿಯವರು ಬೆಳಿಗ್ಗೆ ಗಂಟು ತಂದು ಹಾಕುತ್ತಾರೆ, ಸಂಜೆ ಒಯ್ಯುತ್ತಾರೆ. ಕಣ್ಣಿಗೂ ಕೈಗೂ ಕೆಲಸ, ಕಿವಿ ಮಾತ್ರ ಖಾಲಿ. ಆರೂವರೆಗೆ ಗೋಡೆ ಗೊರ್ರ್ ಎಂದರೆ ಅವಳ ಸ್ನಾನವಾಯಿತು. ಏಳೂಕಾಲಿಗೆ ಇನ್ನೊಮ್ಮೆ ಎಂದರೆ ಪಾತ್ರೆ ಮುಗಿಯಿತು, ಇನ್ನು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟಳು. ಭಾನುವಾರ ಏಳೆಂಟು ಸಲ. "ಹೂಂ, ಮಹಾರಾಣಿ ಇವತ್ತು ಕಂಬಳಿ ನೆನೆಸಿದಾಳೆ," ಎಂದು ಸೂಜಿಗೆ ಹೇಳುತ್ತಿದ್ದೆ. ಬೇರೆ ಯಾರಿದ್ದಾರೆ ಹೇಳಲು? ನನಗೆ ಗಂಡನಿಲ್ಲ, ಮಕ್ಕಳಿಲ್ಲ; ಅವಳಿಗೂ ಇಲ್ಲ. ನಮ್ಮಿಬ್ಬರಿಗೂ ಅಂತ ಇದ್ದವಳು ಅಮ್ಮ ಒಬ್ಬಳೇ.

ಅಮ್ಮ ಕೊನೆಯ ಎರಡು ವರ್ಷ ಕೆಳಗೆ ತಂಗಿಯ ಹತ್ತಿರವೇ ಇದ್ದಳು. ಬುದ್ಧಿ ಸ್ತಿಮಿತದಲ್ಲಿರಲಿಲ್ಲ. ಒಂದು ದಿನ ಮೈ ಒರೆಸುವ ಬಟ್ಟೆಯನ್ನು ಕಕ್ಕಸಿಗೆ ಹಾಕಿ ನೀರು ಸುರಿದುಬಿಟ್ಟಳು. ಬಟ್ಟೆ ಹೋಗಿ ಪಂಪಿಗೆ ಸುತ್ತಿಕೊಂಡಿತು, ಗುಂಡಿ ಉಕ್ಕಿತು, ಬಚ್ಚಲ ಬಾಯಿಂದ ಹೊಲಸೆಲ್ಲ ಕೋಣೆಗೆ ಬಂತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದು ಹೋದೆ. ಪಂಪಿನವನು ಆ ಬಟ್ಟೆಯನ್ನು ಎಳೆದು ತೆಗೆಯುತ್ತಿದ್ದ. ಅವನೆದುರಿಗೇ ತಂಗಿಗೆ, "ಒಬ್ಬ ಮುದುಕೀನ ನೋಡ್ಕೊಳ್ಳೋಕೂ ಆಗಲ್ವಾ ನಿಂಗೆ?" ಅಂದುಬಿಟ್ಟೆ. ಅವಳು ಕೈಯಲ್ಲಿದ್ದ ಪೊರಕೆ ಕೆಳಗಿಡದೆ, "ಒಂದೇ ಒಂದು ದಿನ ಮೇಲೆ ಕರ್ಕೊಂಡು ಹೋಗಿ ನೀನು ನೋಡ್ಕೊ," ಅಂದಳು. ನಾನು ಕರೆದೊಯ್ಯಲಿಲ್ಲ. ಕೈತುಂಬ ಕೆಲಸವಿದೆ ಎಂದು ಹತ್ತಿ ಬಂದೆ. ಎರಡು ತಿಂಗಳಲ್ಲಿ ಅಮ್ಮ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ನನಗೂ ಗೊತ್ತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವಳೇ ಮೊದಲು ಮಾತಾಡಲಿ ಎಂದು ನಾನು, ನಾನೇ ಆಡಲಿ ಎಂದು ಅವಳು. ಹೀಗೆ ಮೂರು ವರ್ಷ.

ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಪಂಪು ಒಂದೇ ಸಮನೆ ಓಡಿತು. ಆಮೇಲೆ, ಅವಳು ಮನೆಯಲ್ಲಿರಬಾರದ ಹೊತ್ತಿನಲ್ಲಿ, ಹತ್ತಕ್ಕೆ ಓಡಿತು. ಹತ್ತೂವರೆಗೆ ಮತ್ತೆ. ಹನ್ನೊಂದಕ್ಕೆ ಮತ್ತೆ. ಸಂಜೆಯವರೆಗೂ ಅರ್ಧ ಗಂಟೆಗೊಮ್ಮೆ. ಸರಿ, ಹೊಟ್ಟೆ ಕೆಟ್ಟಿದೆ, ರಜೆ ಹಾಕಿದ್ದಾಳೆ ಅಂದುಕೊಂಡೆ. ಸುಳ್ಳೇಕೆ ಹೇಳಲಿ, ಮೊದಲ ದಿನ ಸ್ವಲ್ಪ ಖುಷಿಯೇ ಆಯಿತು. ಕಂಡಕಂಡದ್ದನ್ನು ತಿಂದರೆ ಇನ್ನೇನಾಗುತ್ತದೆ?

ಮರುದಿನವೂ ನಿಲ್ಲಲಿಲ್ಲ. ಮೂರನೆಯ ದಿನ ನನಗೆ ಎರಡು ಕಾಜ ತಪ್ಪಿದವು. ಪಂಪು ಓಡಿದರೆ, ಅಯ್ಯೋ ಮತ್ತೆ ಎದ್ದಳಲ್ಲ ಎಂದು ಸಂಕಟ. ಐದು ನಿಮಿಷ ತಡವಾದರೆ, ಎಲ್ಲಿ ಬಿದ್ದುಬಿಟ್ಟಳೋ ಎಂದು ಗೋಡೆಗೆ ಕಿವಿ. ಗೊರ್ರ್ ಎಂದ ಕೂಡಲೇ, ಸದ್ಯ, ಜೀವ ಇದೆ. ವಾರ ಕಳೆಯುವಷ್ಟರಲ್ಲಿ ನಾನು ಊಟವನ್ನೂ ಆ ಗೋಡೆಯ ಹತ್ತಿರವೇ ಮಾಡತೊಡಗಿದ್ದೆ.

ಎಂಟನೆಯ ದಿನ ಉಪ್ಪು, ಸಕ್ಕರೆ ಬೆರೆಸಿ ಒಂದು ಚೊಂಬು ನೀರು ಮಾಡಿಕೊಂಡು ಹಿಂದಿನ ಮೆಟ್ಟಿಲವರೆಗೆ ಹೋದೆ. ಮೆಟ್ಟಿಲು ನಡುವೆ ತಿರುಗುತ್ತದೆ, ಮೇಲಿನಿಂದ ಅವಳ ಬಾಗಿಲು ಕಾಣುವುದಿಲ್ಲ. ಅಲ್ಲೇ ನಿಂತೆ. ಹೋಗಿ ತಟ್ಟಿ, ಅವಳು ಕಿಟಕಿಯಿಂದ ನನ್ನ ಮುಖ ನೋಡಿ ಸುಮ್ಮನೆ ಕೂತುಬಿಟ್ಟರೆ? ಅದನ್ನು ನೆನೆಸಿಕೊಂಡೇ ಬಾಯಿ ಒಣಗಿತು. ಚೊಂಬಿನ ನೀರನ್ನು ನಾನೇ ಕುಡಿದು ಒಳಗೆ ಬಂದೆ.

ಹನ್ನೆರಡನೆಯ ದಿನ ಒಂದು ಉಪಾಯ ಹೊಳೆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪಂಪು ಸದ್ದು ಮಾಡುತ್ತಿದೆ ಎಂದು ಪಂಪಿನವನನ್ನು ಕರೆಸಿದರೆ ಬಾಗಿಲು ತಟ್ಟುವವನು ಅವನು. ಅವಳು ಹೇಗಿದ್ದಾಳೆ ಎಂದು ಬಂದು ಹೇಳುವವನೂ ಅವನೇ.

ಅಮ್ಮನ ಬಟ್ಟೆ ಎಳೆದು ತೆಗೆದಿದ್ದ ಪಂಪಿನವನೇ ಬಂದ. ಹೊಟ್ಟೆ ಬೆಳೆದಿದೆ, ಬಾಯಿ ಹಾಗೆಯೇ ಇದೆ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ ಅಮ್ಮ. ನನ್ ಕೈ ಕಂಡ್ಮೇಲೆ ಮೊಸರು ಬಡಿಸೋರೇ ಇಲ್ಲ," ಎನ್ನುತ್ತ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ನಾನು ಮೇಲೆಯೇ ನಿಂತು, "ಮೊದ್ಲು ಅವಳನ್ನ ಕೇಳು, ಹೇಗಿದ್ದಾಳೆ ಅಂತ," ಎಂದು ಕೂಗಿದೆ. ತಕ್ಷಣ ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಸ್ವಲ್ಪ ಹೊತ್ತು ನೀರು ಬಿಡ್ಬೇಡ ಅಂತ ಹೇಳು," ಎಂದು ಸೇರಿಸಿದೆ.

"ಯಾರಿಗೆ ಹೇಳ್ಲಿ ಅಮ್ಮ? ಬೀಗ ಹಾಕಿದೆಯಲ್ಲ."

ನಾನು ಇಳಿದೆ. ಹೇಗೆ ಇಳಿದೆ ಎಂಬುದು ನೆನಪಿಲ್ಲ. ಬಾಗಿಲಿಗೆ ಹೊಸ ಬೀಗ. ಕಿಟಕಿಯಲ್ಲಿ ಪರದೆಯಿಲ್ಲ. ಒಳಗೆ ನೆಲ ತೊಳೆದಿಟ್ಟಿತ್ತು. ಮಂಚವಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

"ಹಾಗಾದ್ರೆ ಈ ಪಂಪು ಓಡಿಸ್ತಿರೋದು ಯಾರು?" ಅಂದೆ.

ಅವನು ಗುಂಡಿಯ ಮುಚ್ಚಳ ಸರಿಸಿ ಬ್ಯಾಟರಿ ಬಿಟ್ಟು ನೋಡಿದ. ಪೈಪಿಗೆ ಕಿವಿ ಇಟ್ಟು ಕೇಳಿದ.

"ಯಾರೂ ಇಲ್ಲ. ಪೈಪಲ್ಲಿ ಒಂದು ವಾಲ್ವ್ ಇರುತ್ತೆ, ಮೇಲೆ ಹೋಗಿದ್ದು ವಾಪಸ್ ಬರದ ಹಾಗೆ ತಡೆಯೋಕೆ. ಅದು ಕೆಟ್ಟಿದೆ. ಮನೆ ಖಾಲಿ ಮಾಡೋವಾಗ ತೊಳೆದು ಹೋಗಿದಾರೆ, ಪೊರಕೆ ಕಡ್ಡಿ ಸಿಕ್ಕೊಂಡಿರ್ಬೇಕು. ಪಂಪು ನೀರನ್ನ ಮೇಲೆ ನೂಕುತ್ತೆ. ನಿಂತ ಮೇಲೆ ಪೈಪಲ್ಲಿರೋದು ಮೆಲ್ಲಗೆ ಸೋರಿ ಕೆಳಗೆ ಬರುತ್ತೆ. ಅರ್ಧ ಗಂಟೇಲಿ ಗುಂಡಿ ತುಂಬುತ್ತೆ, ಮತ್ತೆ ನೂಕುತ್ತೆ. ಎಲ್ಲಾ ಅದೇ ನೀರು ಅಮ್ಮ. ಹತ್ತೋದು ಇಳಿಯೋದು, ಹತ್ತೋದು ಇಳಿಯೋದು. ಹೊಸದು ಒಂದು ತೊಟ್ಟೂ ಬಿದ್ದಿಲ್ಲ. ಚೀಲದಲ್ಲಿ ಹೊಸ ವಾಲ್ವ್ ಇದೆ, ಹಾಕ್ಲಾ?"

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹನ್ನೆರಡು ದಿನ ಒಂದು ಖಾಲಿ ಮನೆಗೆ ಕಿವಿಗೊಟ್ಟು, ಜೀವ ಇದೆ, ಜೀವ ಇದೆ ಎಂದುಕೊಂಡಿದ್ದೆ. ಅಷ್ಟು ಒಂಟಿತನ ಅಮ್ಮ ಹೋದ ದಿನವೂ ಆಗಿರಲಿಲ್ಲ. ಅವಳ ನಂಬರು ಫೋನಿನಲ್ಲಿತ್ತು. ಮೂರು ವರ್ಷದಿಂದ ಅಳಿಸಿರಲಿಲ್ಲ, ಒತ್ತಿಯೂ ಇರಲಿಲ್ಲ. ಒತ್ತಿದೆ.

ಎರಡನೆಯ ರಿಂಗಿಗೇ ಎತ್ತಿಕೊಂಡಳು. "ಏನಾಯ್ತು? ಹುಷಾರಾಗಿದ್ದೀಯ ತಾನೆ?" ಎಂದು ಮೊದಲ ಮಾತಿಗೇ ಕೇಳಿದಳು.

"ನೀನೆಲ್ಲಿದ್ದೀಯ?"

"ಆಸ್ಪತ್ರೆಯೋರು ರೂಮು ಕೊಟ್ರು. ಮೂರನೇ ಮಹಡಿ." ಸ್ವಲ್ಪ ನಕ್ಕಳು. "ಇಲ್ಲಿ ನೀರು ತಾನಾಗೇ ಇಳಿದು ಹೋಗುತ್ತೆ. ಪಂಪು ಗಿಂಪು ಏನೂ ಬೇಡ."

"ಹೇಳ್ಲೇ ಇಲ್ಲ."

"ಹೇಳೋಕೆ ನಾವು ಮಾತಾಡ್ತೀವಾ?"

"ನೀನು ಕೆಳಗೇ ಇದ್ದೀಯ ಅಂದ್ಕೊಂಡಿದ್ದೆ ಕಣೆ. ಪಂಪು ಓಡ್ತಾನೇ ಇತ್ತು, ಅರ್ಧ ಗಂಟೆಗೊಂದು ಸಲ, ಹನ್ನೆರಡು ದಿನ. ನೀನು ಹೊಟ್ಟೆ ಕೆಟ್ಟು ಮಲಗಿದ್ದೀಯ ಅಂತ ನಾನಿಲ್ಲಿ..." ಎಷ್ಟು ಚಿಂತೆಯಲ್ಲಿ ಕೇಳಿಸಿಕೊಂಡೆ ಎಂದು ಅವಳಿಗೆ ತಿಳಿಯಲಿ ಅಂತಲೇ ಹೇಳಹೊರಟಿದ್ದೆ. ನಡುವೆಯೇ ನನ್ನ ಮಾತು ನನಗೇ ಕೇಳಿಸಿತು. ಅಲ್ಲಿಗೇ ನಿಲ್ಲಿಸಿದೆ.



"ಹನ್ನೆರಡು ದಿನ ನಾನು ಹಾಗೆ ಬಿದ್ದಿದ್ದೀನಿ ಅಂದ್ಕೊಂಡಿದ್ಯಾ, ಅಕ್ಕ?"

"ಹೂಂ."

"ಆದ್ರೂ ಬರ್ಲಿಲ್ಲ."

ದನಿಯಲ್ಲಿ ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು. ಜಗಳ ನನಗೆ ಬರುತ್ತದೆ. ಕೋಪವಿರಲಿಲ್ಲ. ಹಾಗಾಗಿ ನಿಜವನ್ನೇ ಹೇಳಬೇಕಾಯಿತು.

"ನೀನು ಬಾಗಿಲು ತೆಗೀದೇ ಇದ್ರೆ ಅಂತ ಭಯ ಆಯ್ತು," ಅಂದೆ.

"ತೆಗೀತಿದ್ದೆ," ಅಂದಳು.

ಪಂಪಿನವನು ಹೊಸ ವಾಲ್ವ್ ಕೈಯಲ್ಲಿ ಹಿಡಿದು, ಹಾಕಲೋ ಬೇಡವೋ ಎಂದು ಎರಡನೆಯ ಸಲ ಕೇಳಿದ.